ಗ್ರಹಣ ಬಿಟ್ಟ ಮೇಲಿನ ಕಣ್ಣುಗಳು

ರಾಕ್‌ವಿಲ್‌ನ ಆ ಲ್ಯಾಬಿನಲ್ಲಿ ಬೆಳಗ್ಗೆ ಎಲ್ಲರಿಗಿಂತ ಮೊದಲು ಒಲೆ ಹಚ್ಚುವವಳು ಇಂದು ಎಂಬ ಟೆಕ್ನೀಷಿಯನ್. ಜೋಳದ ಹಿಟ್ಟು, ಕಾಕಂಬಿ, ಯೀಸ್ಟು ಎಲ್ಲವನ್ನೂ ದೊಡ್ಡ ಪಾತ್ರೆಗೆ ಹಾಕಿ ಕೈ ಬಿಡದೆ ತಿರುವುತ್ತಾಳೆ. ಕೇಸರಿಬಾತಿನ ಹದಕ್ಕೆ ಬಂದಾಗ ಇಳಿಸಿ ಬೆರಳುದ್ದದ ಸೀಸೆಗಳಿಗೆ ಹೊಯ್ಯುತ್ತಾಳೆ. ತಿನ್ನುವವರು ಕೊಳೆತ ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣಗಳು. ಹನ್ನೊಂದು ವರ್ಷದಿಂದ ಅವುಗಳ ಅಡುಗೆಯವಳೂ ಅವಳೇ, ಸೂಲಗಿತ್ತಿಯೂ ಅವಳೇ. ಕೆಲಸ ಮುಗಿದ ನೊಣಗಳನ್ನು ಸ್ಪಿರಿಟ್ಟಿಗೆ ಸುರಿಯುವಾಗ ಮನಸ್ಸಿನಲ್ಲೇ ಒಮ್ಮೆ ದೇವರ ಹೆಸರು ಹೇಳಿಕೊಳ್ಳುತ್ತಾಳೆ. ಅದು ಯಾರಿಗೂ ಗೊತ್ತಿಲ್ಲ.

ಮಾತು ಕಡಿಮೆ, ಕೇಳುವುದು ಹೆಚ್ಚು. ಅವಳು ಬೆಳೆದದ್ದೇ ಹಾಗೆ. ಅಪ್ಪ ಮೈಸೂರಿನಲ್ಲಿ ಗಮಕ ವಾಚನ ಮಾಡುತ್ತಿದ್ದವರು. ಸಂಜೆಯಾದರೆ ಮನೆಯ ಪಡಸಾಲೆಯಲ್ಲಿ ಒಬ್ಬರು ಪದ್ಯವನ್ನು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುವುದು. ಕಂಬಕ್ಕೊರಗಿ ಕೂತ ಹುಡುಗಿಗೆ ಅರ್ಧ ತಿಳಿಯುತ್ತಿರಲಿಲ್ಲ, ಆದರೂ ಎದ್ದು ಹೋಗುತ್ತಿರಲಿಲ್ಲ. ತಿಳಿಯದ್ದನ್ನು ಕಿವಿಯಲ್ಲಿ ಇಟ್ಟುಕೊಂಡಿದ್ದರೆ ಎಂದಾದರೂ ತಾನೇ ಬಿಚ್ಚಿಕೊಳ್ಳುತ್ತದೆ ಎಂಬ ನಂಬಿಕೆ ಅವಳಿಗೆ ಅಲ್ಲಿಂದ ಬಂದದ್ದು.

ಹಾಗಾಗಿ ಚೈತನ್ಯಾ ಹೇಳುವುದನ್ನೂ ಹಾಗೆಯೇ ಕೇಳುತ್ತಿದ್ದಳು. ಚೈತನ್ಯಾ ನಾರ್ತ್ ಕ್ಯಾರೊಲೈನಾದ ರಾಲೀಯಲ್ಲಿ ಹುಟ್ಟಿ ಬೆಳೆದವಳು, ಡಾಕ್ಟರೇಟ್ ಮುಗಿಸಿ ಈ ಲ್ಯಾಬಿಗೆ ಬಂದು ಎರಡು ವರ್ಷ. ಅವಳ ಕನ್ನಡ ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡಿ ಕಲಿತದ್ದು. ಅರ್ಧ ದಾರಿಗೆ ಇಂಗ್ಲಿಷಿನ ಊರುಗೋಲು ಬೇಕಾಗುತ್ತಿತ್ತು.

"ಆಂಟಿ, ಈ ಪ್ರೋಟೀನ್ ಇದೆ ಅಲ್ವಾ, ಯಾರ್ಕಿ? ಅದು ಸೆಲ್‌ಗಳಿಗೆ ಬೆಳೀರಿ, ಬೆಳೀರಿ ಅಂತ ಹೇಳತ್ತೆ. ಆದ್ರೆ ಅದಕ್ಕೆ ಡಿಎನ್ಎ ಹಿಡ್ಕೊಳ್ಳೋಕೆ ಕೈ ಇಲ್ಲ."

"ಯಾರ್ಕಿ ಅಂದ್ರೆ ನಮ್ಮ ಎದುರು ಮನೆಯವರ ನಾಯಿ ಜಾತಿ ಅಲ್ಲವೇನೇ?"

"ಯಾ, ಆ ನಾಯಿ ಹೆಸರೇ ಇಟ್ಟಿದಾರೆ."

"ಕೈ ಇಲ್ಲದ್ದು ಸರಿಯೇ ಬಿಡು. ಮತ್ತೆ ಕೆಲಸ ಹೇಗೆ ಮಾಡತ್ತೆ?"

"ಪಾರ್ಟ್‌ನರ್ ಬೇಕು. ಇನ್ನೊಂದು ಪ್ರೋಟೀನ್ ಅದನ್ನ ಹಿಡ್ಕೊಂಡು ಡಿಎನ್ಎ ಹತ್ರ ಕರ್ಕೊಂಡು ಹೋಗಬೇಕು. ಒಂದು ಪಾರ್ಟ್‌ನರ್ ಜೊತೆ ಹೋದ್ರೆ ಸೆಲ್‌ಗಳು ಎರಡು ನಾಲ್ಕು ಎಂಟು ಆಗ್ತಾನೇ ಇರತ್ತೆ. ಬೇರೆ ಪಾರ್ಟ್‌ನರ್ ಸಿಕ್ಕಿದ್ರೆ ಬೇರೆ ಏನೋ ಆಗತ್ತೆ. ಸೇಮ್ ಯಾರ್ಕಿ!"

"ಪದ್ಯ ಒಂದೇ, ರಾಗ ಬೇರೆ" ಎಂದಳು ಇಂದು.

"ವಾಟ್?"

"ಏನಿಲ್ಲ, ನೀನು ಹೇಳು."

ಚೈತನ್ಯಾ ಹುಡುಕುತ್ತಿದ್ದದ್ದು ಅಂಥ ಒಂದು ಜೊತೆಗಾರ ಪ್ರೋಟೀನನ್ನು. ಲ್ಯಾಬಿನಲ್ಲಿ ಅದಕ್ಕಿನ್ನೂ ಹೆಸರಿಲ್ಲ, ನಲವತ್ತೊಂದು ಅನ್ನುತ್ತಿದ್ದರು. ನೊಣದ ಮರಿಹುಳುವಿನೊಳಗೆ ಕಣ್ಣಾಗಬೇಕಾದ ಒಂದು ಪುಟ್ಟ ಚೀಲ ಇರುತ್ತದೆ; ಒಂದಷ್ಟು ಹೊತ್ತು ಅದರ ಜೀವಕೋಶಗಳು ಬೆಳೆಯುತ್ತ ಹೋಗುತ್ತವೆ, ಆಮೇಲೆ ಬೆಳೆಯುವುದನ್ನು ನಿಲ್ಲಿಸಿ ಕಣ್ಣಾಗುತ್ತವೆ. ಚೈತನ್ಯಾಳ ನೊಣಗಳಲ್ಲಿ ನಲವತ್ತೊಂದು ತಂಪಿನಲ್ಲಿ ಮಲಗಿರುತ್ತದೆ, ಬಿಸಿ ತಾಗಿದರೆ ಏಳುತ್ತದೆ; ಎದ್ದರೆ ಕಣ್ಣು ಬೆಳೆಯದಂತೆ ತಡೆಯುತ್ತದೆ ಎಂಬುದು ಅವಳ ಊಹೆ. ಹದಿನೆಂಟು ಡಿಗ್ರಿಯ ಪೆಟ್ಟಿಗೆಯಿಂದ ಇಪ್ಪತ್ತೊಂಬತ್ತು ಡಿಗ್ರಿಯ ಪೆಟ್ಟಿಗೆಗೆ ಸೀಸೆಗಳನ್ನು ಬದಲಾಯಿಸಿದರಾಯಿತು. ಎರಡು ಸಲ ಹಾಗೆ ಮಾಡಿದ್ದರು. ಎರಡು ಸಲವೂ ಹುಟ್ಟಿದ ನೊಣಗಳಿಗೆ ಸಾಸಿವೆಯ ಚೂರಿನಷ್ಟು ಕಣ್ಣು. ಮೂರನೆಯ ಸಲವೂ ಹಾಗೇ ಬಂದರೆ ಪೇಪರ್ ಬರೆಯಬಹುದು, ಬರದಿದ್ದರೆ ಚೈತನ್ಯಾ ಇದನ್ನು ಬಿಟ್ಟು ಇನ್ನೊಬ್ಬರ ಪ್ರಾಜೆಕ್ಟಿಗೆ ಸೇರಿಕೊಳ್ಳಬೇಕು. ಲ್ಯಾಬಿನ ಮುಖ್ಯಸ್ಥೆ ಮಾರ್ಗರೆಟ್ ಹಾಗೆಂದು ನೇರವಾಗಿಯೇ ಹೇಳಿದ್ದಳು.

ಆ ಮೂರನೆಯ ಸಲ ಬಂದದ್ದು ೨೦೨೪ರ ಏಪ್ರಿಲ್ ಎಂಟು, ಸೋಮವಾರ. ಸೂರ್ಯಗ್ರಹಣದ ದಿನ.

ಮೊಟ್ಟೆಯಿಟ್ಟ ಗಳಿಗೆಯಿಂದ ಲೆಕ್ಕ ಹಾಕಿದರೆ ಸೀಸೆಗಳನ್ನು ಬದಲಾಯಿಸಬೇಕಾದದ್ದು ಮಧ್ಯಾಹ್ನ ಎರಡೂವರೆಗೆ. ಗ್ರಹಣ ಸ್ಪರ್ಶ ಎರಡು ಗಂಟೆ ನಾಲ್ಕು ನಿಮಿಷಕ್ಕೆ, ಬಿಡುವುದು ನಾಲ್ಕೂವರೆಗೆ. ಚೈತನ್ಯಾ ಪೂರ್ಣ ಗ್ರಹಣ ನೋಡಲೆಂದು ಹಿಂದಿನ ದಿನವೇ ಒಹಾಯೋಗೆ ಡ್ರೈವ್ ಮಾಡಿಕೊಂಡು ಹೊರಟಿದ್ದಳು. "ಆಂಟಿ, ನೀವಿದೀರಲ್ಲ, ನಂಗೆ ಟೆನ್ಷನ್ ಇಲ್ಲ" ಅಂದಿದ್ದಳು. ಆಗಲೇ ಇಂದು ಬಾಯಿ ಬಿಡಬೇಕಿತ್ತು. ಗ್ರಹಣದ ಹೊತ್ತಿನಲ್ಲಿ ಅವಳು ಹೊಸ ಕೆಲಸ ಮುಟ್ಟಿದವಳಲ್ಲ. ಸ್ಪರ್ಶಕ್ಕೆ ಮುಂಚೆ ಮನೆ ಸೇರಿ, ಮೋಕ್ಷದ ಸ್ನಾನವಾದ ಮೇಲೇ ಹೊರಗೆ ಕಾಲಿಡುವುದು. ಇದನ್ನು ಡಾಕ್ಟರೇಟ್ ಆದ ಹುಡುಗಿಗೆ, ಅದೂ ಗ್ರಹಣ ನೋಡಲೆಂದೇ ಆರು ಗಂಟೆ ಕಾರು ಓಡಿಸುವವಳಿಗೆ, ಹೇಗೆ ಹೇಳುವುದು? ಮಾರ್ಗರೆಟ್‌ಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕೆಂದು ಹೇಳಿ ಒಂದು ಗಂಟೆಗೇ ಹೊರಟಳು. ಲ್ಯಾಬಿನವರೆಲ್ಲ ಕಾಗದದ ಕಪ್ಪು ಕನ್ನಡಕ ಹಿಡಿದು ಹುಲ್ಲಿನ ಮೇಲೆ ಜಾಗ ಹಿಡಿಯುತ್ತಿದ್ದರು.

ಜರ್ಮನ್‌ಟೌನಿನ ಮನೆಯಲ್ಲಿ ಗಂಡ ಬದರಿನಾಥ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಹಾಲು, ತುಪ್ಪ, ಉಪ್ಪಿನಕಾಯಿ ಎಲ್ಲಕ್ಕೂ ದರ್ಭೆ ಹಾಕುತ್ತ ಇಂದು ಕೇಳಿದಳು, "ರೀ, ಗ್ರಹಣದಲ್ಲಿ ಮೀಟಿಂಗ್ ಮಾಡಬಹುದಾ?"

"ಮೀಟಿಂಗಿಗೆ ದೋಷವಿಲ್ಲ ಕಣೇ. ಅದು ಹಿಡಿದು ಐದು ವರ್ಷವಾಯಿತು, ಬಿಡುವ ಲಕ್ಷಣವೇ ಇಲ್ಲ."

ಕಿಟಕಿಯ ಪಟ್ಟಿಗಳನ್ನು ಮುಚ್ಚಿ, ದೀಪ ಹಚ್ಚಿ, ಜಪಕ್ಕೆ ಕೂತಳು. ಸ್ವಲ್ಪ ಹೊತ್ತಿಗೆ ಎದುರಿನ ಗೋಡೆಯ ಮೇಲೆ ಏನೋ ಕಂಡಿತು. ಪಟ್ಟಿಗಳಲ್ಲಿ ದಾರ ಹಾಯುವ ಸಣ್ಣ ತೂತುಗಳ ಮೂಲಕ ಬಂದ ಬಿಸಿಲು ದಿನಾ ದುಂಡಗೆ ಬೀಳುತ್ತಿತ್ತು. ಇವತ್ತು ಒಂದೊಂದು ಚುಕ್ಕೆಯೂ ಬಾಳೆಹಣ್ಣಿನ ಹೋಳಿನಂತೆ ಬಾಗಿತ್ತು. ಮೇಲಿಂದ ಕೆಳಗೆ ಸಾಲಾಗಿ ಹನ್ನೆರಡು ಸೂರ್ಯರು. ನೋಡಬಾರದೆಂದು ಬಾಗಿಲು ಹಾಕಿಕೊಂಡವಳ ಗೋಡೆಗೇ ಗ್ರಹಣ ಬಂದು ಕೂತಿತ್ತು. ಅವಳಿಗೆ ಜಪದ ಸಂಖ್ಯೆ ತಪ್ಪಿತು. ಹೋಳುಗಳು ತೆಳ್ಳಗಾಗಿ, ಮತ್ತೆ ಇನ್ನೊಂದು ಮಗ್ಗುಲಿನಿಂದ ತುಂಬಿಕೊಳ್ಳುವುದನ್ನು ಕಣ್ಣು ಕೀಳದೆ ನೋಡಿದಳು. ಇದು ಪಾಪವೋ ಪುಣ್ಯವೋ ತಿಳಿಯಲಿಲ್ಲ. ಚೆನ್ನಾಗಿತ್ತು ಅನ್ನುವುದಂತೂ ತಿಳಿಯಿತು.

ಸ್ನಾನ, ಪೂಜೆ, ಬೆಳಗಿನಿಂದ ಖಾಲಿಯಿದ್ದ ಹೊಟ್ಟೆಗೆ ಒಂದಿಷ್ಟು ಅವಲಕ್ಕಿ. ಲ್ಯಾಬ್ ತಲುಪಿ ಸೀಸೆಗಳ ಟ್ರೇಯನ್ನು ಬಿಸಿ ಪೆಟ್ಟಿಗೆಗೆ ಇಟ್ಟಾಗ ಆರು ನಲವತ್ತು. ನೋಟ್‌ಬುಕ್ಕಿನಲ್ಲಿ ಆಗಲೇ "೨:೩೦" ಎಂದಿತ್ತು, ಅವಳದೇ ದುಂಡಗಿನ ಅಕ್ಷರದಲ್ಲಿ. ವಾರದ ಕೆಲಸದ ಹೊತ್ತುಗಳನ್ನೆಲ್ಲ ಸೋಮವಾರ ಬೆಳಗ್ಗೆಯೇ ಇಂಕಿನಲ್ಲಿ ತುಂಬಿಸಿಬಿಡುವುದು ಅವಳ ಅಭ್ಯಾಸ. ಹನ್ನೊಂದು ವರ್ಷದಲ್ಲಿ ಒಂದು ನಿಮಿಷವೂ ಆಚೀಚೆಯಾದದ್ದಿಲ್ಲವಾದ್ದರಿಂದ ಅದು ತಪ್ಪೆಂದು ಅವಳಿಗೆ ಎಂದೂ ತೋರಿರಲಿಲ್ಲ. ತಿದ್ದಿದರೆ ಪಕ್ಕದಲ್ಲಿ ಕಾರಣ ಬರೆಯಬೇಕು. ಪೆನ್ನು ಹಿಡಿದು ನಿಂತಳು. ನಾಲ್ಕು ಗಂಟೆಯಲ್ಲಿ ಏನು ಮಹಾ ಆಗುತ್ತದೆ ಎಂದುಕೊಂಡಳು. ಪುಸ್ತಕ ಮುಚ್ಚಿದಳು. ಆದರೂ ಮನಸ್ಸು ತಡೆಯದೆ, ಟ್ರೇಯ ತಳಕ್ಕೆ ಒಂದು ತುಂಡು ಟೇಪ್ ಅಂಟಿಸಿ ಅದರ ಮೇಲೆ "೬:೪೦" ಎಂದು ಬರೆದಳು.

ಚೈತನ್ಯಾ ಮರುದಿನ ಕುಣಿಯುತ್ತ ಬಂದಳು. "ಆಂಟಿ! ಫೋರ್ ಮಿನಿಟ್ಸ್ ಕತ್ತಲೆ! ಹಕ್ಕಿಗಳೆಲ್ಲ ಸುಮ್ಮನಾಗಿಬಿಟ್ವು!" ಎಂದು ಕಾಗದದ ಕನ್ನಡಕವೊಂದನ್ನು ಕೈಗಿಟ್ಟಳು. "ಇದು ನಿಮಗೆ, ನೆಕ್ಸ್ಟ್ ಟೈಮ್‌ಗೆ. ಹಲ್ಲು ಹೇಗಿದೆ?"

"ಇದೆ" ಎಂದಳು ಇಂದು.

ಮುಂದಿನ ವಾರ, ಗುರುವಾರ, ನೊಣಗಳು ಹೊರಬಂದವು. ಚೈತನ್ಯಾ ಮೈಕ್ರೋಸ್ಕೋಪಿಗೆ ಕಣ್ಣಿಟ್ಟವಳು ತುಂಬ ಹೊತ್ತು ತಲೆಯೆತ್ತಲಿಲ್ಲ. ಸಣ್ಣ ಕುಂಚದಿಂದ ಒಂದೊಂದೇ ನೊಣವನ್ನು ಮಗ್ಗುಲಾಗಿಸುತ್ತ ಹೋದಳು. ಅರವತ್ತು ನೊಣ. ಅರವತ್ತಕ್ಕೂ ಕೆಂಪಗೆ ತುಂಬಿದ, ಚೆನ್ನಾದ, ದೊಡ್ಡ ಕಣ್ಣು.

"ಆಂಟಿ, ಶಿಫ್ಟ್ ಟೈಮ್ ಕರೆಕ್ಟ್ ಆಗಿತ್ತಲ್ವಾ?"

ಇಂದು ಖಾಲಿ ಸೀಸೆಗಳನ್ನು ಜೋಡಿಸತೊಡಗಿದಳು. "ಬುಕ್ಕಿನಲ್ಲಿ ಇದೆಯಲ್ಲಮ್ಮ" ಎಂದಳು.

ಸುಳ್ಳು ಹೇಳಿದ್ದು ಬುಕ್ಕು. ಆದರೆ ಅದಕ್ಕೆ ಬಾಯಿ ಕೊಟ್ಟವಳು ಅವಳೇ.

ಚೈತನ್ಯಾ ತಲೆಯಾಡಿಸಿದಳು. "ಹಾಗಾದ್ರೆ ಮೊದಲೆರಡು ಸಲ ಬಂದಿದ್ದೇ ತಪ್ಪು. ಈ ನೊಣಗಳ ಸ್ಟಾಕೇ ಕೆಟ್ಟಿದೆ. ಸೋಮವಾರ ಗ್ರೂಪ್ ಮೀಟಿಂಗ್‌ನಲ್ಲಿ ಹೇಳಿಬಿಡ್ತೀನಿ, ಎಲ್ಲಾ ಫ್ರೀಜರ್‌ಗೆ ಹಾಕಿ ಸಾಯಿಸಿಬಿಡೋಣ." ಅವಳು ಅಳಲಿಲ್ಲ, ಕುಂಚ ತೊಳೆದು ಒರೆಸಿ ಪಕ್ಕಕ್ಕಿಟ್ಟಳು. ಆ ಒರೆಸಿಟ್ಟದ್ದು ಇಂದುವಿನ ಕಣ್ಣಿನಲ್ಲಿ ಹಾಗೇ ಉಳಿಯಿತು.

ಶನಿವಾರ ಸೆಂಟರ್‌ವಿಲ್‌ನಲ್ಲಿ, ಕೃಷ್ಣಸ್ವಾಮಿಗಳ ಮನೆಯ ಬೇಸ್‌ಮೆಂಟಿನಲ್ಲಿ ತಿಂಗಳಿಗೊಮ್ಮೆ ನಡೆಯುವ ಗಮಕ. ಕೃಷ್ಣಸ್ವಾಮಿಗಳು ನಲವತ್ತು ವರ್ಷ ಇಲ್ಲಿ ಮಕ್ಕಳ ಡಾಕ್ಟರಾಗಿದ್ದು ನಿವೃತ್ತರಾದವರು. ಎಲ್ಲರಿಗೂ ಡಾಕ್ಟರ್ ಮಾಮ. ಓದುವವರು ಅವರು, ವ್ಯಾಖ್ಯಾನ ಬದರಿನಾಥನದು. ಅವತ್ತಿನ ಪದ್ಯದಲ್ಲಿ ತಾಯಿಯೊಬ್ಬಳು ಮಗನ ರಥ ದೂರವಾಗುವುದನ್ನು ನಿಂತು ನೋಡುತ್ತಾಳೆ. ಡಾಕ್ಟರ್ ಮಾಮ ಅದನ್ನು ಬಿಲಹರಿಯಲ್ಲಿ ಎತ್ತಿಕೊಂಡರು. ಹೆಮ್ಮೆಯ ತಾಯಿ, ಗೆದ್ದು ಬರುವ ಮಗ. ಕೂತವರ ಮುಖವೆಲ್ಲ ಅರಳಿತು. ಕೊನೆಯ ಸಾಲಿಗೆ ಬಂದಾಗ ಅವರಿಗೆ ಏನೋ ನೆನಪಾಗಿ ಶೋಕದ ಮುಖಾರಿಗೆ ಹೊರಳಿದರು.

ಓದು ಮುಗಿದ ಮೇಲೆ ಬದರಿನಾಥ ಕಾಲೆಳೆದ. "ಮಾಮ, ಮಗ ಸಾಯ್ತಾನೆ ಅನ್ನೋದು ನಿಮಗೆ ಕೊನೇ ಸಾಲಿನಲ್ಲಿ ಗೊತ್ತಾಯ್ತಾ?"

"ಮರೆತೇಬಿಟ್ಟೆ ಕಣಯ್ಯ. ವಯಸ್ಸು. ತಡವಾಗಿ ಹಿಡಿದೆ, ಆದರೂ ಹಿಡಿದೆನಲ್ಲ."

"ಹಿಡಿದದ್ದೇನೋ ಸರಿ. ಅಷ್ಟು ಹೊತ್ತಿಗೆ ಪದ್ಯ ಹೇಳಬೇಕಾದದ್ದನ್ನು ಹೇಳಿಯಾಗಿತ್ತು. ನೋಡಿ, ಒಬ್ಬರಾದರೂ ಅತ್ತರಾ? ಎರಡನೇ ಸಾಲಿಗೆ ಬಂದಿದ್ದರೆ ಮುಖಾರಿ ಎಲ್ಲರನ್ನೂ ಮುಳುಗಿಸಿರುತ್ತಿತ್ತು."

ಎಲ್ಲರೂ ನಕ್ಕರು. ಇಂದು ನಗಲಿಲ್ಲ. ಕೈಯಲ್ಲಿದ್ದ ಕೋಸಂಬರಿಯ ತಟ್ಟೆ ಹಾಗೇ ನಿಂತಿತು. ರಾಗ ಅದೇ ಮುಖಾರಿ, ಅದರಲ್ಲಿ ದೋಷವಿಲ್ಲ. ಪದ್ಯವೂ ಅದೇ. ಬಂದ ಹೊತ್ತು ಬೇರೆ. ಹಿಂದಿನ ಎರಡು ಸಲ ಸರಿಯಾದ ಹೊತ್ತಿಗೆ ಎದ್ದ ನಲವತ್ತೊಂದು ಕಣ್ಣನ್ನು ಸಾಸಿವೆ ಮಾಡಿತ್ತು. ಆರು ನಲವತ್ತಕ್ಕೆ ಎದ್ದದ್ದು ಏನೂ ಮಾಡಲಾಗದೆ ನಿಂತಿತು. ಅಂದರೆ ಆ ನಾಲ್ಕು ಗಂಟೆ ಹತ್ತು ನಿಮಿಷದಲ್ಲಿ, ತಾನು ಗೋಡೆಯ ಮೇಲಿನ ಸೂರ್ಯರನ್ನು ನೋಡುತ್ತ ಕೂತಿದ್ದಾಗ, ತಂಪು ಪೆಟ್ಟಿಗೆಯೊಳಗೆ ಅರವತ್ತು ಜೊತೆ ಕಣ್ಣುಗಳು ತಾವು ಕಣ್ಣಾಗುವುದೆಂದು ನಿಶ್ಚಯ ಮಾಡಿಕೊಂಡುಬಿಟ್ಟಿದ್ದವು.

ಹೌದೋ ಅಲ್ಲವೋ? ಅದನ್ನು ತಿಳಿಯುವ ದಾರಿ ಒಂದೇ ಇತ್ತು.

ಬರುವಾಗ ಕಾರಿನಲ್ಲಿ ಗಂಡನಿಗೆ ಎಲ್ಲವನ್ನೂ ಹೇಳಿದಳು.

"ಸುಮ್ಮನೆ ನೀನೇ ಇನ್ನೊಂದು ಸಲ ಮಾಡಿಬಿಡು. ಸರಿಯಾಗಿ ಎರಡೂವರೆ ಲೆಕ್ಕಕ್ಕೆ. ಸಣ್ಣ ಕಣ್ಣು ಬರುತ್ತೆ, ಹುಡುಗಿ ಖುಷಿಯಾಗ್ತಾಳೆ. ಕೆಲಸ ಉಳಿಯುತ್ತೆ, ಮರ್ಯಾದೆನೂ ಉಳಿಯುತ್ತೆ."

"ಸ್ಟಾಕೆಲ್ಲ ಸೋಮವಾರ ಫ್ರೀಜರಿಗೆ ಹೋಗತ್ತೆ ರೀ. ಉಳಿಸಬೇಕಾದ್ರೆ ಯಾಕೆ ಅಂತ ಹೇಳಲೇಬೇಕು." ಮತ್ತೆ ಹೇಳಿದಳು, "ಉಳಿದರೂ ಏನು? ದೊಡ್ಡ ಕಣ್ಣು ಯಾಕೆ ಬಂತು ಅನ್ನೋದು ಯಾರಿಗೂ ಗೊತ್ತಾಗೋದೇ ಇಲ್ಲವಲ್ಲ."

ಅವನು ಅವಳ ಕಡೆ ಒಮ್ಮೆ ತಿರುಗಿ ನೋಡಿದ. "ನಿನಗೆ ಗೊತ್ತಾಗಬೇಕು."

"ಹೂಂ."

ಸೋಮವಾರ ಬೆಳಗ್ಗೆ ಏಳೂವರೆಗೆ ಚೈತನ್ಯಾ ಆಗಲೇ ಬಂದು ಸ್ಟಾಕ್ ಬಾಟಲಿಗಳನ್ನು ಡಬ್ಬಕ್ಕೆ ತುಂಬುತ್ತಿದ್ದಳು. ಇಂದು ಒಲೆ ಹಚ್ಚಲಿಲ್ಲ. ಟ್ರೇಯನ್ನು ತಂದು ಅವಳ ಮುಂದೆ ಮಗುಚಿ ಇಟ್ಟಳು.

"ಇದೇನು ಸಿಕ್ಸ್ ಫಾರ್ಟಿ?"

"ಶಿಫ್ಟ್ ಮಾಡಿದ ಹೊತ್ತು."

"ಬಟ್ ಬುಕ್ಕಲ್ಲಿ..."

"ಬುಕ್ಕಲ್ಲಿ ಬೆಳಗ್ಗೆಯೇ ಬರೆದಿಟ್ಟಿದ್ದೆ. ಹಲ್ಲಿನ ಡಾಕ್ಟರ ಹತ್ತಿರ ಹೋಗಿರಲಿಲ್ಲ ಕಣಮ್ಮ. ಗ್ರಹಣ. ನಾನು ಗ್ರಹಣದಲ್ಲಿ ಕೆಲಸ ಮುಟ್ಟಲ್ಲ. ನಿನಗೆ ಹೇಳೋಕೆ ನಾಚಿಕೆಯಾಯ್ತು."

ಚೈತನ್ಯಾ ಟೇಪನ್ನೂ ಅವಳ ಮುಖವನ್ನೂ ನೋಡಿದಳು. ನಗುತ್ತಾಳೇನೋ ಅಂದುಕೊಂಡಿದ್ದಳು ಇಂದು. ನಗು ಬರಲಿಲ್ಲ.

"ನಾನು ಕೇಳಿದೆ ಆಂಟಿ. ಗುರುವಾರ. ನಿಮ್ಮನ್ನೇ ಕೇಳಿದೆ."

"ಕೇಳಿದೆ."

"ಶುಕ್ರವಾರ ಪಾರ್ಕಿಂಗ್ ಲಾಟಲ್ಲಿ ಕೂತ್ಕೊಂಡು ಅತ್ತೆ ನಾನು. ಅಮ್ಮಂಗೆ ಫೋನ್ ಮಾಡಿ, ಐ ಆಮ್ ನಾಟ್ ಗುಡ್ ಅಟ್ ದಿಸ್ ಅಂದೆ. ಎರಡು ವರ್ಷ ಆಂಟಿ!"

ಚೈತನ್ಯಾ ಡಬ್ಬದ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ಕೆರೆಯುವುದು ನಿಧಾನವಾಯಿತು, ಆಮೇಲೆ ನಿಂತಿತು.

"ವೆಯ್ಟ್. ನಾಲ್ಕು ಗಂಟೆ ಲೇಟಾದ್ರೆ... ಅಷ್ಟೇನಾ? ನಾಲ್ಕು ಗಂಟೆಗೆ ಫುಲ್ ಕಣ್ಣು?"

"ನಾಲ್ಕು ಗಂಟೆ ಹತ್ತು ನಿಮಿಷ."

"ನಾಟ್ ಈವನ್ ಒನ್ ಸಣ್ಣದಿಲ್ಲ. ಅರವತ್ತರಲ್ಲಿ ಒಂದೂ." ಅವಳು ಕುರ್ಚಿ ಎಳೆದುಕೊಂಡು ಕೂತಳು. "ಅಂದ್ರೆ ಬಾಗಿಲು ಮುಚ್ಚಿಹೋಗಿತ್ತು. ನಲವತ್ತೊಂದು ಬಂದು ಬಾಗಿಲು ತಟ್ಟಿದೆ, ಒಳಗೆ ಯಾರೂ ಓಪನ್ ಮಾಡಿಲ್ಲ."

"ಪದ್ಯ ಮುಗಿದಿತ್ತು" ಎಂದಳು ಇಂದು. ಈ ಸಲ ಚೈತನ್ಯಾ "ವಾಟ್" ಅನ್ನಲಿಲ್ಲ. "ಏನು ಪದ್ಯ? ಹೇಳಿ" ಅಂದಳು. ಇಂದು ಹೇಳಿದಳು: ಬಿಲಹರಿ, ಮುಖಾರಿ, ಮರೆಗುಳಿ ಡಾಕ್ಟರ್ ಮಾಮ. ಹತ್ತು ನಿಮಿಷದಲ್ಲಿ ಚೈತನ್ಯಾ ಬಾಟಲಿಗಳನ್ನೆಲ್ಲ ಡಬ್ಬದಿಂದ ವಾಪಸ್ ತೆಗೆದಿಟ್ಟು ಬೋರ್ಡಿನ ಮೇಲೆ ಏಳು ಗೆರೆ ಎಳೆದಿದ್ದಳು. ಸೊನ್ನೆ ಗಂಟೆ ತಡ, ಒಂದು ಗಂಟೆ ತಡ, ಹೀಗೆ ಆರರವರೆಗೆ.

ಮಾರ್ಗರೆಟ್ ಇಬ್ಬರನ್ನೂ ಕೂರಿಸಿಕೊಂಡು ಕೇಳಿದಳು. ಅವಳ ಮುಖದಲ್ಲಿ ಕುತೂಹಲವೂ ಕೋಪವೂ ಬೇರೆ ಬೇರೆಯಾಗಿಯೇ ಕಾಣುತ್ತಿದ್ದವು. "ಗ್ರಹಣಕ್ಕೆ ರಜಾ ಕೇಳಿದ್ದರೆ ಒಂದು ಮಾತೂ ಆಡದೆ ಕೊಡುತ್ತಿದ್ದೆ. ನೀನು ನನ್ನಿಂದ ಹಲ್ಲಿಗೆ ರಜಾ ತೆಗೆದುಕೊಂಡೆ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಮಾಡುವ ಮುಂಚೆ ಬರೆದ ಹೊತ್ತು ಹೊತ್ತಲ್ಲ, ಅದು ಬರೀ ಆಸೆ. ಇಂದುವಿನ ಫೈಲಿಗೆ ಒಂದು ಎಚ್ಚರಿಕೆಯ ಪತ್ರ. ಮೂರು ತಿಂಗಳು ಅವಳು ಬರೆದ ಪ್ರತಿ ಸಾಲಿಗೂ ಚೈತನ್ಯಾ ಪಕ್ಕದಲ್ಲಿ ಸಹಿ ಹಾಕಬೇಕು. ಚೈತನ್ಯಾಳಿಗೆ ನಾಲ್ಕು ವಾರ. ಏಳು ಸೀಸೆ ಏನು ಹೇಳುತ್ತವೋ ನೋಡೋಣ.

ಐವತ್ತೇಳು ವರ್ಷದ ಇಂದು ಪುಸ್ತಕ ತೆರೆದು ೨:೩೦ರ ಮೇಲೆ ಒಂದೇ ಗೆರೆ ಎಳೆದಳು. ಹೊಡೆದದ್ದು ಕಾಣುವಂತೆಯೇ ಇರಬೇಕು, ಅದು ನಿಯಮ. ಪಕ್ಕದಲ್ಲಿ ೬:೪೦. ಕಾರಣದ ಕಡೆ ಬಂದಾಗ ಕೈ ತಡೆಯಿತು.

"ಬರೀರಿ ಆಂಟಿ" ಎಂದಳು ಚೈತನ್ಯಾ. "ಸೂರ್ಯಗ್ರಹಣ, ಟೆಕ್ನೀಷಿಯನ್ ಮನೆಯಲ್ಲಿ. ಹಲ್ಲು ಚೆನ್ನಾಗಿದೆ, ಅದನ್ನೂ ಹಾಕಿ."

ಮೇ ತಿಂಗಳ ನಡುವೆ ಏಳೂ ಸೀಸೆಗಳ ನೊಣಗಳು ಹೊರಬಂದವು. ಸೊನ್ನೆ, ಒಂದು: ಸಾಸಿವೆ ಕಣ್ಣು. ಎರಡು: ಹೆಚ್ಚುಕಡಿಮೆ ಅದೇ. ಮೂರು ಗಂಟೆ ತಡದ ಸೀಸೆ ನೋಡುತ್ತ ಚೈತನ್ಯಾ "ಆಂಟಿ, ಬನ್ನಿ ಇಲ್ಲಿ, ಬೇಗ" ಎಂದು ಕೂಗಿದಳು. ಇಂದು ಸೌಟು ಬಿಟ್ಟು ಬಂದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಒಂದು ನೊಣ. ಅದರ ಎಡಗಣ್ಣು ದಾಳಿಂಬೆ ಕಾಳಿನಂತೆ ತುಂಬಿತ್ತು, ಬಲಗಣ್ಣು ಸಾಸಿವೆ. ಬಾಗಿಲು ಮುಚ್ಚುತ್ತಿದ್ದ ಗಳಿಗೆಯಲ್ಲೇ ಸಿಕ್ಕಿಬಿದ್ದದ್ದು. ಒಂದು ಕಣ್ಣಿನ ಬಾಗಿಲು ಮುಚ್ಚಿಯಾಗಿತ್ತು, ಇನ್ನೊಂದರೊಳಗೆ ನಲವತ್ತೊಂದು ನುಗ್ಗಿತ್ತು. ನಾಲ್ಕು, ಐದು, ಆರು: ಎಲ್ಲ ತುಂಬಿದ ಕಣ್ಣು.

ತಳ ಹತ್ತಿದ ವಾಸನೆ ಬಂತು. ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಮೂರು ದಿನ ಬಿಟ್ಟು ಚೈತನ್ಯಾ ನಾಲ್ಕು ಗಂಟೆ ತಡದ ಸೀಸೆಯ ನೊಣಗಳ ತಲೆ ಬಿಡಿಸಿ ಮಿದುಳು ನೋಡುತ್ತಿದ್ದಳು. ಕಣ್ಣು ಬೆಳೆದರೆ ಅದರ ಹಿಂದೆ ಮಿದುಳಿನಲ್ಲಿ ನೋಟಕ್ಕೆಂದು ಇರುವ ಭಾಗವೂ ಬೆಳೆಯುತ್ತದೆ. ಹಾಗಾಗಿ ಇಲ್ಲಿ ವಿಶೇಷವೇನೂ ಇರಲಾರದೆಂದು ಇಬ್ಬರೂ ತಿಳಿದಿದ್ದರು. ಪರದೆಯ ಮೇಲೆ ಹಸಿರು ಬಣ್ಣದಲ್ಲಿ ಮೂಡಿದ ಚಿತ್ರ ನೋಡಿ ಚೈತನ್ಯಾ ಹುಬ್ಬು ಗಂಟಿಕ್ಕಿದಳು.

"ಕಣ್ಣು ಫುಲ್ ಇದೆ. ಆದ್ರೆ ಹಿಂದಿನ ಮಿದುಳು ಸಣ್ಣದಿದೆ."

ಇಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. "ಹಾಗಾದರೆ ಪದ್ಯ ಕಣ್ಣಿಗೆ ಹೇಳಿ ಮುಗಿದಿತ್ತು. ಮಿದುಳಿಗೆ ಇನ್ನೂ ಹೇಳ್ತಾ ಇತ್ತು."

"ಯಾ. ನಲವತ್ತೊಂದು ಅಲ್ಲಿಗೆ ಹೋಗಿ ಕೂತ್ಕೊಂಡಿತು."

"ಮಿದುಳಿನ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತೆ?"

"ಗೊತ್ತಿಲ್ಲ ಆಂಟಿ. ಯಾರಿಗೂ ಗೊತ್ತಿಲ್ಲ ಅನ್ಸತ್ತೆ."

ಯಾರಿಗೂ ಗೊತ್ತಿಲ್ಲ. ಆ ಮಾತು ಇಂದುವಿಗೆ ಯಾಕೋ ಪ್ರಸಾದ ಸಿಕ್ಕಷ್ಟು ಹಿತವಾಯಿತು. ಎದ್ದು ಹೋಗಿ ತಂಪು ಪೆಟ್ಟಿಗೆಯಿಂದ ಹೊಸ ಟ್ರೇ ತೆಗೆದು ಬಿಸಿ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಹಾಕಿದಳು. ಆಮೇಲೆ ಗೋಡೆಯ ಗಡಿಯಾರ ನೋಡಿದಳು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಹೊತ್ತು ಬರೆದು, ಪುಸ್ತಕವನ್ನು ಪಕ್ಕಕ್ಕೆ ಸರಿಸಿದಳು. ಚೈತನ್ಯಾ ಪರದೆಯಿಂದ ಕಣ್ಣು ಕೀಳದೆ, ಕೈ ಚಾಚಿ, ಸಹಿ ಹಾಕಿದಳು.